ವಿಚಾರಣೆಗೆ ಕರೆದ ಮಾತ್ರಕ್ಕೆ ಉಗ್ರನಾ? ಪೊಲೀಸ್ ಜೀಪು, ವಾಟ್ಸಾಪ್ ಗುಂಪು ಮತ್ತು ತೀರ್ಥಹಳ್ಳಿ ಪೇಟೆಯ ದಿಗಿಲು

ತೀರ್ಥಹಳ್ಳಿ: ದೆಹಲಿಯಲ್ಲಿ ಸ್ಫೋಟ ಆದರೆ ತೀರ್ಥಹಳ್ಳಿ ಪೇಟೆಯಲ್ಲಿ ಯಾಕೆ ದಿಗಿಲು? ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಇಲ್ಲಿಯವರಿಗೆ ಹಾಗಲ್ಲ. 2025ರ ನವೆಂಬರ್ 10ರ ಸಂಜೆ ಕೆಂಪುಕೋಟೆ ಹತ್ತಿರ ಕಾರು ಸ್ಫೋಟಗೊಂಡ ಸುದ್ದಿ ಟಿವಿಯಲ್ಲಿ ಬಂದಾಗ ಊರಿನ ಅನೇಕರ ಮನಸ್ಸಿಗೆ ಮೊದಲು ಬಂದದ್ದು ಒಂದೇ ಪ್ರಶ್ನೆ. ಈ ಸಲವೂ ನಮ್ಮೂರಿನ ಹೆಸರು ಎಲ್ಲಾದರೂ ಬರುತ್ತಾ?

ಈ ಭಯಕ್ಕೆ ಕಾರಣ ಇದೆ. 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೋದೊಳಗೆ ಕುಕ್ಕರ್ ಬಾಂಬ್ ಸ್ಫೋಟಿಸಿದ ಪ್ರಕರಣದ ಮುಖ್ಯ ಆರೋಪಿ ತೀರ್ಥಹಳ್ಳಿಯವನು. 2024ರ ಮಾರ್ಚ್ 1ರಂದು ಬೆಂಗಳೂರಿನ ಬ್ರೂಕ್‌ಫೀಲ್ಡ್‌ನಲ್ಲಿರುವ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಇಟ್ಟ ಪ್ರಕರಣದ ಇಬ್ಬರು ಪ್ರಮುಖ ಆರೋಪಿಗಳೂ ತೀರ್ಥಹಳ್ಳಿ ಮೂಲದವರು. ಕುವೆಂಪು ಬೆಳೆದ ತಾಲೂಕು, ಎಳ್ಳಮಾವಾಸ್ಯೆ ಜಾತ್ರೆಯ ಊರು, ಅಡಿಕೆ ವ್ಯಾಪಾರದ ಪೇಟೆ ಅಂತ ಗೊತ್ತಿದ್ದ ಹೆಸರು ರಾಷ್ಟ್ರೀಯ ಚಾನೆಲ್‌ಗಳಲ್ಲಿ ಬೇರೆಯೇ ಕಾರಣಕ್ಕೆ ಓಡಾಡಿತು.

ಭಯೋತ್ಪಾದನೆ ನಮಗೆ ದೂರದ ವಿಚಾರವೂ ಅಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಸತ್ತ 26 ಜನರಲ್ಲಿ ನಮ್ಮ ಶಿವಮೊಗ್ಗದವರೂ ಒಬ್ಬರಿದ್ದರು. ಹಾಗಾಗಿ 'ಪೊಲೀಸರು ಸುಮ್ನೆ ಯಾಕೆ ತೊಂದರೆ ಕೊಡ್ತಾರೆ' ಅನ್ನೋ ಮಾತು ಎಷ್ಟು ಅರ್ಧಸತ್ಯವೋ, 'ಪೊಲೀಸರು ಕರೆದರು ಅಂದ್ರೆ ಏನೋ ಇದ್ದೇ ಇರುತ್ತೆ' ಅನ್ನೋದೂ ಅಷ್ಟೇ ಅರ್ಧಸತ್ಯ. ಈ ಎರಡು ಅರ್ಧಸತ್ಯಗಳ ನಡುವೆ ಸಿಕ್ಕಿ ಹಾಕಿಕೊಂಡಿರೋದು ಪೇಟೆಯ ಮಾಮೂಲಿ ಜನ. ಮೊಬೈಲ್ ಅಂಗಡಿಯವನು, ಮನೆ ಬಾಡಿಗೆಗೆ ಕೊಟ್ಟವರು, ಹಳೇ ಬೈಕ್ ಮಾರಿದವನು, ಆಧಾರ್ ಕಳೆದುಕೊಂಡವನು.

ಹೆಸರು ನೋಡಿ ಅನುಮಾನ ಪಟ್ಟರೆ ಏನಾಗುತ್ತೆ?

ಮಂಗಳೂರು ಕುಕ್ಕರ್ ಪ್ರಕರಣವನ್ನೇ ತಗೊಳ್ಳಿ. ಗಾಯಗೊಂಡು ಆಸ್ಪತ್ರೆ ಸೇರಿದ ಆಟೋ ಪ್ರಯಾಣಿಕನ ಹತ್ತಿರ ಸಿಕ್ಕಿದ್ದು ಬೇರೊಬ್ಬರ ಆಧಾರ್ ಕಾರ್ಡ್. ಆ ಕಾರ್ಡಿನ ನಿಜವಾದ ಮಾಲೀಕ ಉತ್ತರ ಕರ್ನಾಟಕ ಮೂಲದ ಒಬ್ಬ ನೌಕರ. ಅವರು ಕಾರ್ಡ್ ಕಳೆದುಕೊಂಡಿದ್ದರು ಅಷ್ಟೇ. ಆದರೆ ಸ್ಫೋಟದ ಬೆನ್ನಲ್ಲೇ ಅವರ ಹೆಸರು ಟಿವಿಯಲ್ಲಿ, ಮೊಬೈಲ್‌ನಲ್ಲಿ ಓಡಾಡಿತು. ಪೊಲೀಸರು ಅವರನ್ನು ಸಂಪರ್ಕಿಸಿ ವಿಚಾರಿಸಿದ ಮೇಲೆ ಅವರಿಗೂ ಪ್ರಕರಣಕ್ಕೂ ಸಂಬಂಧ ಇಲ್ಲ ಅಂತ ಸ್ಪಷ್ಟವಾಯ್ತು.

ಇದೇ ಕಾರ್ಡ್ ತೋರಿಸಿ ಆರೋಪಿ ಮೈಸೂರಿನಲ್ಲಿ ರೂಮ್ ಬಾಡಿಗೆಗೆ ಪಡೆದಿದ್ದ. ಮನೆ ಮಾಲೀಕರು ಕಾರ್ಡ್ ನೋಡಿದರು, ಹೆಸರು ನೋಡಿದರು, ಕರಾರು ಪತ್ರ ಮಾಡಿಸಿಕೊಂಡು ರೂಮ್ ಕೊಟ್ಟರು. ಅವರು ಮಾಡಿದ್ದರಲ್ಲಿ ಅಸಡ್ಡೆ ಅನ್ನೋ ಹಾಗೆ ಏನೂ ಇರಲಿಲ್ಲ, ನಮ್ಮಲ್ಲಿ ಬಹುತೇಕ ಮಾಲೀಕರು ಇಷ್ಟನ್ನೂ ಮಾಡೋದಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮ ಇದೆ. ಆ ಕಾರ್ಡಿನಲ್ಲಿ ಇದ್ದದ್ದು ಹಿಂದೂ ಹೆಸರು. 'ಮುಸ್ಲಿಂ ಹುಡುಗರಿಗೆ ರೂಮ್ ಕೊಡಬೇಡಿ, ಆಗ ಯಾವ ತಾಪತ್ರಯವೂ ಇರಲ್ಲ' ಅನ್ನೋ ಸಲಹೆ ಕೊಡುವವರು ಎಲ್ಲಾ ಊರಲ್ಲೂ ಇದ್ದಾರೆ. ಆ ಸಲಹೆಯನ್ನು ಅಕ್ಷರಶಃ ಪಾಲಿಸಿದ್ದರೂ ಮೈಸೂರಿನ ಆ ರೂಮ್ ಅವನಿಗೇ ಸಿಗುತ್ತಿತ್ತು. ಸಿಗದೇ ಹೋಗುತ್ತಿದ್ದದ್ದು ಓದೋಕೆ, ಕೆಲಸ ಹುಡುಕೋಕೆ ಅಂತ ಸ್ವಂತ ಹೆಸರು ಹೇಳಿಕೊಂಡು ಬಂದ ಹುಡುಗನಿಗೆ.

ಇನ್ನೊಂದು ಉದಾಹರಣೆ ಮಂಗಳೂರಿನದ್ದೇ. 2020ರ ಜನವರಿ 20ರಂದು ಅಲ್ಲಿನ ವಿಮಾನ ನಿಲ್ದಾಣದಲ್ಲಿ ಬಾಂಬ್ ಇದ್ದ ಬ್ಯಾಗ್ ಸಿಕ್ಕಿತು. ಪೌರತ್ವ ಕಾಯ್ದೆ ವಿರುದ್ಧದ ಗಲಾಟೆ, ಗೋಲಿಬಾರ್ ಆಗಿ ಒಂದು ತಿಂಗಳು ಕಳೆದಿತ್ತು ಅಷ್ಟೇ. ಯಾರ ಮೇಲೆ ಬೊಟ್ಟು ಹೋಯ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಎರಡು ದಿನ ಕಳೆದು ಜನವರಿ 22ರಂದು ಬೆಂಗಳೂರಿನಲ್ಲಿ ಪೊಲೀಸರ ಮುಂದೆ ಬಂದು ಶರಣಾದವನು ಆದಿತ್ಯ ರಾವ್, ಓದಿದ್ದು ಎಂಜಿನಿಯರಿಂಗ್. ಇದಕ್ಕೂ ಮೊದಲು ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹುಸಿ ಬಾಂಬ್ ಕರೆ ಮಾಡಿದ ಪ್ರಕರಣದಲ್ಲಿ ಸಿಕ್ಕಿಬಿದ್ದಿದ್ದವನು. 2022ರಲ್ಲಿ ಮಂಗಳೂರಿನ ನ್ಯಾಯಾಲಯ ಅವನಿಗೆ 20 ವರ್ಷ ಶಿಕ್ಷೆ ಕೊಟ್ಟಿತು.

ಹೆಸರು, ಗಡ್ಡ, ಟೋಪಿ, ಬುರ್ಖಾ ನೋಡಿ ಪಡುವ ಅನುಮಾನದಿಂದ ಎರಡು ನಷ್ಟ. ಸಂಬಂಧವೇ ಇಲ್ಲದವನಿಗೆ ಅವಮಾನ, ನಿಜವಾಗಿ ಕೆಟ್ಟ ಕೆಲಸಕ್ಕೆ ಇಳಿದವನಿಗೆ ಮರೆ.

ಒಂದು ಸಿಮ್, ಒಂದು ಬದುಕು

ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ಹುಟ್ಟಿದ ಡಾ. ಮೊಹಮ್ಮದ್ ಹನೀಫ್ ಅವರ ಕತೆ ಹಳಬರಿಗೆ ನೆನಪಿರಬಹುದು. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಹನೀಫ್ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ವೈದ್ಯರಾಗಿದ್ದರು. 2007ರ ಜೂನ್ 30ರಂದು ಬ್ರಿಟನ್ನಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪ್ ನುಗ್ಗಿಸಿದ ದಾಳಿ ನಡೆಯಿತು. ದಾಳಿ ಮಾಡಿದವನು ಹನೀಫ್ ಅವರ ಸಂಬಂಧಿ, ಬೆಂಗಳೂರಿನ ಕಫೀಲ್ ಅಹ್ಮದ್. ಹನೀಫ್ ಬ್ರಿಟನ್ ಬಿಟ್ಟು ಹೊರಡುವಾಗ ತಮ್ಮ ಸಿಮ್ ಕಾರ್ಡನ್ನು ಕಫೀಲ್‌ನ ತಮ್ಮನಿಗೆ ಕೊಟ್ಟು ಬಂದಿದ್ದರು.

ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಅವರ ಬಂಧನ ಆಯ್ತು. 12 ದಿನ ಯಾವುದೇ ಆರೋಪ ಹೊರಿಸದೆ ಇಟ್ಟುಕೊಂಡರು. ಆ ಸಿಮ್ ಗ್ಲಾಸ್ಗೋದ ಜೀಪಿನಲ್ಲೇ ಸಿಕ್ಕಿತು ಅಂತ ಕೋರ್ಟಿಗೆ ಹೇಳಲಾಯಿತು. ಆಮೇಲೆ ಗೊತ್ತಾಯ್ತು, ಸಿಮ್ ಇದ್ದದ್ದು ಜೀಪಿನಲ್ಲಿ ಅಲ್ಲ, ದೂರದ ಲಿವರ್‌ಪೂಲ್‌ನಲ್ಲಿ, ಆ ತಮ್ಮನ ಹತ್ತಿರ. ಜುಲೈ 16ರಂದು ಕೋರ್ಟ್ ಜಾಮೀನು ಕೊಟ್ಟರೆ ಅದೇ ದಿನ ಅಲ್ಲಿನ ಸಚಿವರು ವೀಸಾ ರದ್ದು ಮಾಡಿದರು. ಜುಲೈ 27ಕ್ಕೆ ಆರೋಪ ಬಿದ್ದು ಹೋಯ್ತು. ಹನೀಫ್ ಬೆಂಗಳೂರಿಗೆ ವಾಪಸ್ ಬಂದರು.

ಕತೆ ಅಲ್ಲಿಗೇ ಮುಗಿಯಲಿಲ್ಲ. ಆಸ್ಟ್ರೇಲಿಯಾ ಸರ್ಕಾರ ತನ್ನ ಪೊಲೀಸರ ಮೇಲೇ ತನಿಖೆ ಮಾಡಿಸಿತು. ನಿವೃತ್ತ ನ್ಯಾಯಮೂರ್ತಿಯ ವರದಿ 2008ರ ಕೊನೆಗೆ ಹೊರಬಂತು, ಹನೀಫ್ ಮೇಲೆ ಆರೋಪ ಹೊರಿಸಿದ್ದೇ ತಪ್ಪು ಅಂತ ಹೇಳಿತು. 2010ರ ಡಿಸೆಂಬರ್‌ನಲ್ಲಿ ಪರಿಹಾರವೂ ಸಿಕ್ಕಿತು. ತಪ್ಪು ಯಾವ ದೇಶದ ಪೊಲೀಸರಿಂದಲೂ ಆಗಬಹುದು. ಆದರೆ ಆದ ತಪ್ಪನ್ನು ಬಾಯಿಬಿಟ್ಟು ಹೇಳಿ, ಲೆಕ್ಕ ಕೊಟ್ಟು ಮುಗಿಸಿದ್ದು ಅಲ್ಲಿನ ವ್ಯತ್ಯಾಸ.

ನಮ್ಮಲ್ಲಿ ಏನಾಗಿದೆ?

ನಮ್ಮ ರಾಜ್ಯದಲ್ಲೇ ನಡೆದ ಎರಡು ಪ್ರಕರಣ ನೋಡಿ. 2008ರಲ್ಲಿ ಹುಬ್ಬಳ್ಳಿಯಲ್ಲಿ ಸಿಮಿ ಸಂಚಿನ ಪ್ರಕರಣ ಅಂತ ದೊಡ್ಡ ಸುದ್ದಿಯಾಯ್ತು. ಬಂಧಿತರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳೂ ಇದ್ದರು. 2015ರಲ್ಲಿ ಹುಬ್ಬಳ್ಳಿ ನ್ಯಾಯಾಲಯ 17 ಮಂದಿಯನ್ನೂ ಖುಲಾಸೆ ಮಾಡಿತು. ಏಳು ವರ್ಷ! ಬಂಧನದ ದಿನ ಮುಖಪುಟದಲ್ಲಿ ಬಂದ ಸುದ್ದಿಯನ್ನು ಎಲ್ಲರೂ ಓದಿದ್ದರು. ಖುಲಾಸೆ ಸುದ್ದಿ ಎಷ್ಟು ಜನಕ್ಕೆ ಗೊತ್ತು?

2012ರ ಆಗಸ್ಟ್‌ನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಒಂದು ಸಂಚಿನ ಪ್ರಕರಣದಲ್ಲಿ ಹಲವರನ್ನು ಹಿಡಿದರು. ಅವರಲ್ಲಿ ಒಬ್ಬ ಇಂಗ್ಲಿಷ್ ಪತ್ರಿಕೆಯ ಯುವ ವರದಿಗಾರನೂ ಇದ್ದ. ಸುಮಾರು ಆರು ತಿಂಗಳು ಜೈಲಲ್ಲಿದ್ದ ಮೇಲೆ, 2013ರ ಫೆಬ್ರವರಿಯಲ್ಲಿ ಎನ್‌ಐಎ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ. ಬಿಡುಗಡೆ ಆಯ್ತು. ಆದರೆ ಅದೇ ಪ್ರಕರಣದಲ್ಲಿ 13 ಮಂದಿ ತಪ್ಪೊಪ್ಪಿಕೊಂಡರು, 2016ರಲ್ಲಿ ಅವರಿಗೆ ಶಿಕ್ಷೆ ಆಯ್ತು. ಅಂದರೆ ಒಂದೇ ಪ್ರಕರಣದಲ್ಲಿ ತಪ್ಪಿತಸ್ಥರೂ ಇರಬಹುದು, ತಪ್ಪೇ ಮಾಡದವನೂ ಇರಬಹುದು. ಬಂಧನದ ದಿನ ಇಬ್ಬರ ಫೋಟೋವೂ ಒಂದೇ ಸಾಲಿನಲ್ಲಿ ಬರುತ್ತೆ. ಯಾರು ಯಾರು ಅಂತ ಬೇರೆ ಮಾಡೋ ಕೆಲಸ ಕೋರ್ಟಿನದ್ದು. ಚಹಾದ ಅಂಗಡಿಯದ್ದಲ್ಲ, ಟಿವಿ ಸ್ಟುಡಿಯೋದ್ದೂ ಅಲ್ಲ.

ತೀರ್ಥಹಳ್ಳಿಗೇ ಬರೋಣ. 2024ರ ಮಾರ್ಚ್–ಏಪ್ರಿಲ್‌ನಲ್ಲಿ ಕೆಫೆ ಪ್ರಕರಣದ ತನಿಖೆಗೆ ಎನ್‌ಐಎ ತಂಡ ಊರಿಗೆ ಬಂತು. ಹಲವರನ್ನು ಕರೆದು ವಿಚಾರಿಸಿತು. ಅವರಲ್ಲಿ ಒಂದು ರಾಜಕೀಯ ಪಕ್ಷದ ಕಾರ್ಯಕರ್ತ ಇದ್ದಾನೆ ಅಂತ ಗೊತ್ತಾದ ಕೂಡಲೇ ಸುದ್ದಿ ಬೆಂಕಿಯ ಹಾಗೆ ಹಬ್ಬಿತು. ಒಂದು ಪಕ್ಷದವರು 'ಈಗ ಏನಂತೀರಿ' ಅಂದರು, ಇನ್ನೊಂದು ಪಕ್ಷದವರು 'ಅವನು ಆರೋಪಿ ಅಲ್ಲ' ಅಂದರು. ಕೊನೆಗೆ ಎನ್‌ಐಎಯೇ ಹೇಳಿಕೆ ಕೊಡಬೇಕಾಯ್ತು. ಕರೆದಿರೋದು ಸಾಕ್ಷಿಯಾಗಿ, ಸಾಕ್ಷಿಗಳ ಗುರುತು ಬಯಲು ಮಾಡಿದರೆ ತನಿಖೆಗೂ ತೊಂದರೆ, ಅವರಿಗೂ ಅಪಾಯ ಅನ್ನೋದು ಆ ಹೇಳಿಕೆಯ ಸಾರ.

ಎನ್‌ಐಎ ಹಾಗೆ ಹೇಳಿದ್ದು ಒಳ್ಳೆಯದೇ ಆಯ್ತು. ಆದರೆ ಒಂದು ಮಾತು. ಆ ವ್ಯಕ್ತಿಯ ಹಿಂದೆ ಒಂದು ಪಕ್ಷ ಇತ್ತು, ಗಲಾಟೆ ಆಯ್ತು, ಹಾಗಾಗಿ ಸ್ಪಷ್ಟನೆ ಬಂತು. ಯಾವ ಪಕ್ಷವೂ ಹಿಂದೆ ಇಲ್ಲದ, ಸಾಬರ ಕೇರಿಯ ಹುಡುಗನನ್ನೋ, ಪೇಟೆಯ ಅಂಗಡಿಯಲ್ಲಿ ಕೆಲಸಕ್ಕಿದ್ದವನನ್ನೋ ಇದೇ ರೀತಿ ಸಾಕ್ಷಿಯಾಗಿ ಕರೆದರೆ ಅವನ ಪರವಾಗಿ ಹೇಳಿಕೆ ಯಾರು ಕೊಡ್ತಾರೆ? ಎರಡು ಗಂಟೆ ಕೂರಿಸಿ ಕಳಿಸಿದರೂ 'ಎನ್‌ಐಎ ಎತ್ತಾಕ್ಕೊಂಡು ಹೋಗಿತ್ತಂತೆ' ಅನ್ನೋ ಮಾತು ಅವನ ಹೆಸರಿನ ಜೊತೆ ವರ್ಷಗಟ್ಟಲೆ ಉಳಿಯುತ್ತೆ. ಹೆಣ್ಣು ಕೊಡುವವರು ಹಿಂದೆ ಸರೀತಾರೆ, ಸಾಲ ಕೊಡುವವರು ಯೋಚನೆ ಮಾಡ್ತಾರೆ, ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾರೆ.

ಪೊಲೀಸರ ಕಷ್ಟವೂ ಸಣ್ಣದಲ್ಲ

ಪೊಲೀಸರ ಜಾಗದಲ್ಲಿ ನಿಂತು ನೋಡಿದರೆ ಬೇರೆ ಚಿತ್ರ ಕಾಣುತ್ತೆ. ಸುಳಿವು ಸಿಕ್ಕ ಮೇಲೂ ಕರೆದು ಕೇಳಲಿಲ್ಲ, ಆಮೇಲೆ ಸ್ಫೋಟ ಆಯ್ತು ಅಂದರೆ ಅದೇ ಜನ 'ಪೊಲೀಸ್ರು ಮಲಗಿದ್ರಾ' ಅಂತಾರೆ. ಮಂಗಳೂರು ಕುಕ್ಕರ್ ಆರೋಪಿಯ ಮೇಲೆ 2020ರಲ್ಲೇ ಗೋಡೆಬರಹದ ಪ್ರಕರಣ ಇತ್ತು, ಜಾಮೀನಿನ ಮೇಲೆ ಹೊರಗಿದ್ದ. 2022ರ ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗ ಪೊಲೀಸರು ಇನ್ನಿಬ್ಬರನ್ನು ಹಿಡಿದಾಗ ಅವನು ತಪ್ಪಿಸಿಕೊಂಡಿದ್ದ. ಎರಡು ತಿಂಗಳ ಒಳಗೆ ಮಂಗಳೂರಲ್ಲಿ ಸ್ಫೋಟ.

ತಿಳಿಯಬೇಕಾದ್ದು ಇಷ್ಟು. ಬೇಕಿದ್ದದ್ದು ಊರಿನ ನೂರು ಹುಡುಗರ ಮೇಲೆ ಅನುಮಾನ ಅಲ್ಲ, ಹೆಸರು ಗೊತ್ತಿದ್ದ ಒಬ್ಬನ ಮೇಲೆ ಬಿಗಿಯಾದ ನಿಗಾ. ಅನುಮಾನ ಹರಡಿದಷ್ಟೂ ನಿಗಾ ತೆಳ್ಳಗಾಗುತ್ತೆ. ಠಾಣೆಯ ಸಿಬ್ಬಂದಿ ಅಷ್ಟೇ ಇರೋದು. ಸುಳ್ಳು ಮಾಹಿತಿಯ ಬೆನ್ನು ಹತ್ತಿ ಹೋದ ಪ್ರತಿ ಗಂಟೆಯೂ ನಿಜವಾದ ಸುಳಿವಿನಿಂದ ಕಿತ್ತುಕೊಂಡ ಗಂಟೆ.

ಸ್ಫೋಟದ ಮರುದಿನ, ಅಂದರೆ 2022ರ ನವೆಂಬರ್ 20ರಂದು, ಆಗಿನ ಡಿಜಿಪಿ ಪ್ರವೀಣ್ ಸೂದ್ 'ಇದು ಆಕಸ್ಮಿಕ ಅಲ್ಲ, ಭಯೋತ್ಪಾದಕ ಕೃತ್ಯ' ಅನ್ನೋ ಅರ್ಥದಲ್ಲಿ ನೇರವಾಗಿ ಟ್ವೀಟ್ ಮಾಡಿದರು. ಪೊಲೀಸರು ಬಾಯಿ ಬಿಡಬಾರದು ಅನ್ನೋ ನಿಯಮ ಏನಿಲ್ಲ. ತನಿಖೆಯ ಗುಟ್ಟು ಬಿಟ್ಟುಕೊಡದೆ ಆಗಿದ್ದೇನು, ಆಗದ್ದೇನು ಅಂತ ಹೇಳಬಹುದು ಅನ್ನೋದಕ್ಕೆ ಇದು ಉದಾಹರಣೆ. ಪೊಲೀಸರು ಸುಮ್ಮನಿದ್ದ ಜಾಗವನ್ನು ವಾಟ್ಸಾಪ್ ತುಂಬುತ್ತೆ.

ವದಂತಿ ಏನು ಮಾಡಬಲ್ಲದು ಅನ್ನೋದಕ್ಕೆ 2012ರ ಆಗಸ್ಟ್ ಸಾಕ್ಷಿ. ಈಶಾನ್ಯ ರಾಜ್ಯದವರ ಮೇಲೆ ದಾಳಿ ಆಗುತ್ತೆ ಅಂತ ಸಂದೇಶ ಹಬ್ಬಿ, ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ವಿಶೇಷ ರೈಲು ಬಿಡಬೇಕಾಯ್ತು. ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದ ಹಾಗೆ ಕೇಂದ್ರ ಸರ್ಕಾರ ಕಡಿವಾಣ ಹಾಕಿತು. ಆಗ ವಾಟ್ಸಾಪ್ ಇಷ್ಟು ಹರಡಿರಲಿಲ್ಲ ಅನ್ನೋದನ್ನೂ ಸೇರಿಸಿ ಯೋಚನೆ ಮಾಡಿ.

ಠಾಣೆಗೆ ಕರೆದರೆ ಕಾನೂನು ಏನು ಹೇಳುತ್ತೆ?

ಪೇಟೆಯಲ್ಲಿ ಬಹಳ ಜನರಿಗೆ ಸಾಕ್ಷಿ, ಶಂಕಿತ, ಆರೋಪಿ, ಅಪರಾಧಿ ಇವುಗಳ ನಡುವಿನ ವ್ಯತ್ಯಾಸ ಗೊತ್ತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದು ಬೇರೆ ಬೇರೆ ಕಲಂನಲ್ಲೇ ಇದೆ.

ಸಾಕ್ಷಿಯಾಗಿ ಕರೆಯುವುದು ಕಲಂ 179ರ ಅಡಿಯಲ್ಲಿ, ಅದೂ ಲಿಖಿತ ಆದೇಶದಿಂದ. ಹೆಂಗಸರು, 15 ವರ್ಷದೊಳಗಿನವರು, 60 ದಾಟಿದವರು, ಅಂಗವಿಕಲರು, ತೀವ್ರ ಕಾಯಿಲೆ ಇರುವವರನ್ನು ಠಾಣೆಗೆ ಬನ್ನಿ ಅಂತ ಒತ್ತಾಯ ಮಾಡುವ ಹಾಗಿಲ್ಲ. ಅವರಿದ್ದಲ್ಲಿಗೇ ಪೊಲೀಸರು ಹೋಗಬೇಕು. ಸಂಶಯ ಇದ್ದು, ಆದರೆ ತಕ್ಷಣ ಬಂಧಿಸುವ ಅಗತ್ಯ ಇಲ್ಲದಿದ್ದರೆ ಕಲಂ 35(3)ರ ನೋಟಿಸ್ ಕೊಡುತ್ತಾರೆ. ಅದು ಬಂದರೆ ಹೋಗಲೇಬೇಕು, ತಪ್ಪಿಸಿಕೊಂಡರೆ ಬಂಧನಕ್ಕೆ ದಾರಿ ಆಗುತ್ತೆ.

ಬಂಧಿಸಿದರೆ ಯಾಕೆ ಅಂತ ಹೇಳಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಯುಎಪಿಎ ಪ್ರಕರಣದಲ್ಲೂ ಬಂಧನದ ಕಾರಣವನ್ನು ಬರವಣಿಗೆಯಲ್ಲೇ ಕೊಡಬೇಕು ಅಂತ ಹೇಳಿತು. 2025ರ ನವೆಂಬರ್ 6ರ ತೀರ್ಪಿನಲ್ಲಿ ಅದನ್ನು ಎಲ್ಲಾ ಅಪರಾಧಗಳಿಗೂ ವಿಸ್ತರಿಸಿತು. ಅದೂ ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ. ನಮ್ಮಲ್ಲಿ ಅದು ಕನ್ನಡ.

ಮನೆ, ಅಂಗಡಿ ತಪಾಸಣೆಗೆ ಬಂದರೆ ಪಂಚರ ಮುಂದೆ ಮಹಜರು ಆಗಬೇಕು. ಹೊಸ ಕಾನೂನಿನ ಕಲಂ 105ರ ಪ್ರಕಾರ ಇಡೀ ತಪಾಸಣೆಯ ವಿಡಿಯೋ ಚಿತ್ರೀಕರಣ ಕಡ್ಡಾಯ. ಇದು ಜನರಿಗೂ ರಕ್ಷಣೆ, ಪೊಲೀಸರಿಗೂ ರಕ್ಷಣೆ. 'ಅವರೇ ತಂದಿಟ್ಟರು' ಅನ್ನೋ ಆರೋಪಕ್ಕೆ ವಿಡಿಯೋಗಿಂತ ಒಳ್ಳೆ ಉತ್ತರ ಇಲ್ಲ. ಠಾಣೆಗಳಲ್ಲಿ ಸಿಸಿಟಿವಿ ಇರಬೇಕು ಅಂತ 2020ರ ಡಿಸೆಂಬರ್‌ನಲ್ಲೇ ಸುಪ್ರೀಂ ಕೋರ್ಟ್ ಆದೇಶ ಮಾಡಿದೆ.

ಯುಎಪಿಎ ಹಾಕಿದರೆ ಮಾತ್ರ ಲೆಕ್ಕ ಬೇರೆ. ಆರೋಪಪಟ್ಟಿಗೆ 180 ದಿನದವರೆಗೆ ಸಮಯ ಸಿಗಬಹುದು, ಜಾಮೀನು ಬಹಳ ಕಷ್ಟ. ಮಾಮೂಲಿ ಕಳ್ಳತನದ ಪ್ರಕರಣದಲ್ಲಿ ಆದ ಎಡವಟ್ಟು ವಾರದಲ್ಲಿ ಸರಿಹೋಗಬಹುದು. ಇಲ್ಲಿ ಆದರೆ ಅರ್ಧ ವರ್ಷ ಹೋಗುತ್ತೆ, ಕೆಲವೊಮ್ಮೆ ಹುಬ್ಬಳ್ಳಿಯಲ್ಲಿ ಆದಂತೆ ಏಳು ವರ್ಷ. ಹಾಗಾಗಿಯೇ ಮೊದಲ ಹೆಜ್ಜೆಯಲ್ಲೇ ಎಚ್ಚರ ಬೇಕು. ವಕೀಲರನ್ನು ಇಡೋಕೆ ಆಗದವರಿಗೆ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಉಚಿತ ನೆರವಿನ ಸಹಾಯವಾಣಿ 15100.

ಅಂಗಡಿಯವರ ಕೈಯಲ್ಲಿರೋದು ಏನು?

ಕೆಫೆ ಪ್ರಕರಣದಲ್ಲಿ ಆರೋಪಿಗಳು ಮೋಸದಿಂದ ಪಡೆದ ಸಿಮ್, ಬ್ಯಾಂಕ್ ಖಾತೆ, ಬೇರೆಯವರ ಗುರುತಿನ ದಾಖಲೆ ಬಳಸಿದ್ದರು ಅಂತ 2024ರ ಸೆಪ್ಟೆಂಬರ್‌ನ ಆರೋಪಪಟ್ಟಿಯಲ್ಲಿ ಎನ್‌ಐಎ ಹೇಳಿದೆ. ದೆಹಲಿ ಸ್ಫೋಟದ ಕಾರು ಕೂಡ ಕೈಯಿಂದ ಕೈಗೆ ಬದಲಾಗಿತ್ತು. ಮೊದಲಿನ ಮಾಲೀಕನನ್ನು ಪೊಲೀಸರು ಮನೆಗೇ ಹೋಗಿ ವಿಚಾರಿಸಬೇಕಾಯ್ತು. ಅಂದರೆ ಪ್ರತಿ ಪ್ರಕರಣದಲ್ಲೂ ಪೊಲೀಸರ ದಾರಿ ಯಾರದೋ ಅಂಗಡಿ, ಯಾರದೋ ಮನೆ, ಯಾರದೋ ದಾಖಲೆಯ ಮೂಲಕ ಹಾದು ಹೋಗುತ್ತೆ. ಆ ದಿನ ದಾಖಲೆ ಕೈಯಲ್ಲಿದ್ದರೆ ಅರ್ಧ ಗಂಟೆಯ ಮಾತು. ಇಲ್ಲದಿದ್ದರೆ ಅಲೆದಾಟ.

ಹಳೇ ಮೊಬೈಲ್ ಕೊಳ್ಳುವವರು, ಮಾರುವವರು ಒಂದು ಪುಸ್ತಕ ಇಡಬೇಕು. ಯಾರಿಂದ, ಯಾವತ್ತು, ಐಎಂಇಐ ನಂಬರ್ ಎಷ್ಟು ಅಂತ ಬರೆದರೆ ಸಾಕು. *#06# ಒತ್ತಿದರೆ ಆ ನಂಬರ್ ಬರುತ್ತೆ. ಫೋನ್ ಕದ್ದ ಮಾಲೋ ಅಲ್ಲವೋ ಅಂತ ಕೇಂದ್ರದ ಸಂಚಾರ ಸಾಥಿಯಲ್ಲಿ ನೋಡಬಹುದು. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅನ್ನೋದೂ ಅಲ್ಲೇ ಗೊತ್ತಾಗುತ್ತೆ. ನಿಮಗೆ ಗೊತ್ತಿಲ್ಲದ ನಂಬರ್ ಕಂಡರೆ ಅಲ್ಲೇ ದೂರು ಕೊಡಬಹುದು.

ಬೈಕ್, ಕಾರು ಮಾರುವವರು 'ಆಮೇಲೆ ಮಾಡಿಸ್ಕೊಳ್ತಾನೆ ಬಿಡು' ಅಂತ ಖಾಲಿ ಫಾರಂಗೆ ಸಹಿ ಹಾಕಿ ಕೊಡೋದು ಇಲ್ಲಿನ ಹಳೇ ಚಾಳಿ. ಆರ್‌ಟಿಒದಲ್ಲಿ ಹೆಸರು ಬದಲಾಗುವವರೆಗೆ ಗಾಡಿ ನಿಮ್ಮದೇ. ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ತಿಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯೇ ಹೇಳುತ್ತೆ.

ಮನೆ ಬಾಡಿಗೆ ಕೊಡುವವರು ಹೆಸರು, ಜಾತಿ ಕೇಳೋ ಬದಲು ಆಧಾರ್‌ನ ಕ್ಯೂಆರ್ ಕೋಡ್ ಅನ್ನು ಯುಐಡಿಎಐ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಲಿ. ಫೋಟೋ ಬದಲಾಯಿಸಿದ ಕಾರ್ಡ್ ಆಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತೆ. ಮೈಸೂರಿನಲ್ಲಿ ತಪ್ಪಿದ್ದು ಈ ಒಂದು ಹೆಜ್ಜೆ ಇರಬಹುದು. ಈ ನಿಯಮ ಎಲ್ಲಾ ಬಾಡಿಗೆದಾರರಿಗೂ ಒಂದೇ ಆಗಿರಬೇಕು, ಇಂಥ ಕೇರಿಯವರಿಗೆ ಮಾತ್ರ ಅಂತಲ್ಲ.

ಜೆರಾಕ್ಸ್ ಕೊಡುವಾಗ ಅದರ ಮೇಲೇ 'ಇಂಥ ಕೆಲಸಕ್ಕೆ ಮಾತ್ರ' ಅಂತ ಬರೆದು ತಾರೀಖು ಹಾಕಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಕೂಡ ಸಿಗುತ್ತೆ, ಅದೇ ಸಾಕಾಗುವ ಕಡೆ ಅದನ್ನೇ ಕೊಡಿ. ಕಾರ್ಡ್ ಕಳೆದರೆ 'ಇನ್ನೊಂದು ಪ್ರಿಂಟ್ ತೆಗೆಸಿದರಾಯ್ತು' ಅಂತ ಬಿಡಬೇಡಿ. ಪೊಲೀಸರಿಗೆ ತಿಳಿಸಿ ಸ್ವೀಕೃತಿ ಇಟ್ಟುಕೊಳ್ಳಿ. ನಾಳೆ ನಿಮ್ಮ ಹೆಸರು ಟಿವಿಯಲ್ಲಿ ಬಂದರೆ ಆ ಒಂದು ಚೀಟಿಯೇ ನಿಮ್ಮ ವಕೀಲ.

ಇನ್ನು ನಿಜವಾದ ಅನುಮಾನ ಬಂದರೆ? 112ಕ್ಕೆ ಫೋನ್ ಮಾಡಿ, ಇಲ್ಲವೇ ಠಾಣೆಗೆ ಹೋಗಿ ಹೇಳಿ. ಗ್ರೂಪಿಗೆ ಫೋಟೋ ಹಾಕಬೇಡಿ. ಹೇಳುವಾಗ 'ಅವನು ಸರಿ ಇಲ್ಲ' ಅನ್ನೋದು ಮಾಹಿತಿ ಅಲ್ಲ. ಏನು ನೋಡಿದಿರಿ, ಎಲ್ಲಿ, ಎಷ್ಟು ಹೊತ್ತಿಗೆ, ಇದು ಮಾಹಿತಿ. ವ್ಯಾಪಾರದ ಹೊಟ್ಟೆಕಿಚ್ಚಿಗೆ, ಜಾಗದ ತಕರಾರಿಗೆ ಉಗ್ರನ ಪಟ್ಟ ಕಟ್ಟಲು ಹೋದರೆ ಸುಳ್ಳು ಮಾಹಿತಿ ಕೊಟ್ಟ ಪ್ರಕರಣ ನಿಮ್ಮ ಮೇಲೇ ಬೀಳಬಹುದು. ಭೀತಿ ಹುಟ್ಟಿಸುವ ಸುಳ್ಳು ಸಂದೇಶ ಹರಡಿದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 353ರಲ್ಲಿ ಮೂರು ವರ್ಷದವರೆಗೆ ಶಿಕ್ಷೆ ಇದೆ.

ಪೊಲೀಸರು ಮಾಡಬಹುದಾದ್ದು

ನಮ್ಮಲ್ಲಿ ಶಾಂತಿ ಸಭೆ ನಡೆಯೋದು ಗಣಪತಿ ಹಬ್ಬಕ್ಕೆ, ಈದ್‌ಗೆ. ಇಂಥ ಸ್ಫೋಟದ ಸುದ್ದಿ ಬಂದ ವಾರದಲ್ಲೂ ಒಂದು ಸಭೆ ಕರೆದರೆ ಅರ್ಧ ವದಂತಿ ಅಲ್ಲೇ ಸಾಯುತ್ತೆ. ವರ್ತಕರನ್ನು, ಮಸೀದಿ–ದೇವಸ್ಥಾನದ ಕಮಿಟಿಯವರನ್ನು, ಲಾಡ್ಜ್ ಮಾಲೀಕರನ್ನು ಒಟ್ಟಿಗೆ ಕೂರಿಸಿ ಯಾವ ದಾಖಲೆ ಇಡಬೇಕು, ಯಾರಿಗೆ ಫೋನ್ ಮಾಡಬೇಕು ಅಂತ ಹೇಳಲಿ. ಮನೆ ಮನೆಗೆ ಪೊಲೀಸ್ ಅನ್ನೋ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2025ರ ಜುಲೈನಲ್ಲಿ ಶುರು ಮಾಡಿದೆ. ಪೇದೆ ಮನೆಗೆ ಬರೋದು ತಪ್ಪು ಹುಡುಕೋಕೆ ಮಾತ್ರ ಅಲ್ಲ ಅಂತ ಜನಕ್ಕೆ ಅನ್ನಿಸಬೇಕಾದರೆ ಅದು ಎಲ್ಲಾ ಕೇರಿಗೂ ಒಂದೇ ರೀತಿ ಹೋಗಬೇಕು.

ಎರಡನೆಯದು, ಸಾಕ್ಷಿಯನ್ನು ಕರೆಯುವ ರೀತಿ. ಸಂತೆ ದಿನ, ಪೇಟೆ ತುಂಬಿರುವಾಗ ಅಂಗಡಿ ಮುಂದೆ ಜೀಪು ನಿಲ್ಲಿಸಿ ಹತ್ತಿಸಿಕೊಂಡು ಹೋಗೋದಕ್ಕೂ, ಮಫ್ತಿಯಲ್ಲಿ ಒಬ್ಬರು ಬಂದು ನೋಟಿಸ್ ಕೊಟ್ಟು 'ನಾಳೆ ಹನ್ನೊಂದಕ್ಕೆ ಬನ್ನಿ ಸರ್' ಅನ್ನೋದಕ್ಕೂ ತನಿಖೆಯ ದೃಷ್ಟಿಯಿಂದ ದೊಡ್ಡ ವ್ಯತ್ಯಾಸ ಇಲ್ಲ. ಆ ಮನುಷ್ಯನ ಬದುಕಿಗೆ ಬೆಟ್ಟದಷ್ಟು ವ್ಯತ್ಯಾಸ ಇದೆ.

ಮೂರನೆಯದು ಮತ್ತು ಮುಖ್ಯವಾದದ್ದು, ಕೈಬಿಟ್ಟ ಮೇಲೆ ಹೇಳುವುದು. ವಿಚಾರಣೆ ಮುಗಿದು ಸಂಬಂಧ ಇಲ್ಲ ಅಂತಾದರೆ ಅದನ್ನು ಹೇಳೋಕೆ ಪೊಲೀಸರಿಗೆ ಯಾವ ಕಾನೂನೂ ಅಡ್ಡ ಬರೋದಿಲ್ಲ. ಕರೆದ ಸುದ್ದಿ ಹೊರಗೆ ಬಂದಿದ್ದರೆ, ಬಿಟ್ಟ ಸುದ್ದಿಯೂ ಅದೇ ಬಾಯಿಂದ ಬರಬೇಕು. ಇದು ಸುದ್ದಿ ಮಾಡುವವರಿಗೂ ಅನ್ವಯ. ಬಂಧನಕ್ಕೆ ಎಂಟು ಕಾಲಂ, ಖುಲಾಸೆಗೆ ಮೂಲೆಯಲ್ಲಿ ನಾಲ್ಕು ಸಾಲು ಅನ್ನೋ ಲೆಕ್ಕ ಸರಿಯಲ್ಲ.

ಯಾಕೆ ಇದೆಲ್ಲಾ ಮುಖ್ಯ ಅಂದರೆ, ತೀರ್ಥಹಳ್ಳಿಯಂಥ ಊರಲ್ಲಿ ಪೊಲೀಸರಿಗೆ ಸುಳಿವು ಕೊಡಬೇಕಾದವರು ಅದೇ ಕೇರಿಯ ಜನ. ಮಗ ದಾರಿ ತಪ್ಪುತ್ತಿದ್ದಾನೆ ಅಂತ ಮೊದಲು ಗೊತ್ತಾಗೋದು ಅಮ್ಮನಿಗೆ. ಆಮೇಲೆ ಗೆಳೆಯನಿಗೆ, ಆಮೇಲೆ ಪಕ್ಕದ ಅಂಗಡಿಯವನಿಗೆ. ಠಾಣೆ ಮೆಟ್ಟಿಲು ಹತ್ತಿದರೆ ತಾನೇ ಆರೋಪಿ ಆಗಿಬಿಡ್ತೀನಿ ಅನ್ನೋ ಹೆದರಿಕೆ ಇದ್ದರೆ ಆ ಅಮ್ಮ ಬಾಯಿ ಬಿಡೋದಿಲ್ಲ. ಹೇಳಿದವನನ್ನು ಮರ್ಯಾದೆಯಿಂದ ಕೂರಿಸಿ, ಹೇಳಿದ್ದನ್ನು ಕೇಳಿ, ಹೆಸರು ಗುಟ್ಟಾಗಿಟ್ಟು ಕಳಿಸಿದರೆ ಅವಳು ಬರ್ತಾಳೆ.

ಮುಂದಿನ ಸಲ ಯಾರದೋ ಅಂಗಡಿ ಮುಂದೆ ಜೀಪು ನಿಂತಾಗ ಪೇಟೆಯವರು ಮೊಬೈಲ್ ತೆಗೆದು ವಿಡಿಯೋ ಮಾಡೋ ಮೊದಲು ಒಂದು ದಿನ ತಡೆದರೆ ಸಾಕು. ಕರೆದಿದ್ದು ಸಾಕ್ಷಿಯಾಗಿಯೋ, ಆರೋಪಿಯಾಗಿಯೋ ಅನ್ನೋದು ಅಷ್ಟರಲ್ಲಿ ಗೊತ್ತಾಗುತ್ತೆ. ಸಾಕ್ಷಿ ಆಗಿದ್ದರೆ ಮರುದಿನ ಬೆಳಿಗ್ಗೆ ಅವನು ಅಂಗಡಿ ಬಾಗಿಲು ತೆಗೆದೇ ತೆಗೀತಾನೆ. ಆಗ ಪಕ್ಕದ ಅಂಗಡಿಯವರು ಎಂದಿನ ಹಾಗೆ 'ಏನಣ್ಣಾ, ಕಾಫಿ ಆಯ್ತಾ' ಅಂತ ಕೇಳೋ ಸ್ಥಿತಿ ಉಳಿದಿರಬೇಕು.